ಸುಜಾತ ಕೆಲಸ ಮಾಡುವ ಊರಿಗೆ

ಹಾಸನ

ಐರ್ಲೆಂಡಿಗೆ ಹೋಗಿ ಬಂದೆ ಎಂದರೆ ನಮ್ಮ ಕಡೆಯವರು ಮೊದಲು ಕೇಳುವುದು ಚಳಿ ಎಷ್ಟಿತ್ತು ಎಂದು. ಆಮೇಲೆ ಊಟಕ್ಕೆ ಏನು ಮಾಡಿದಿರಿ ಎಂದು. ಚಳಿ ಚೆನ್ನಾಗಿಯೇ ಇತ್ತು. ಊಟಕ್ಕೆ ಮೂರು ಹೊತ್ತೂ ಆಲೂಗಡ್ಡೆ ಇತ್ತು, ಹಾಸನದವನಿಗೆ ಅದೇನು ಹೊಸದಲ್ಲ. ಈ ಎರಡು ಮಾತು ಹೇಳಿ ಎಷ್ಟೋ ಜನರಿಂದ ತಪ್ಪಿಸಿಕೊಂಡಿದ್ದೇನೆ. ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಹಾಸನದ ಹೊರವಲಯದಲ್ಲಿ ವಯಸ್ಸಾದವರ ಆರೈಕೆ ಮನೆಯೊಂದನ್ನು ನಡೆಸುತ್ತೇನೆ. ನಮ್ಮಲ್ಲಿ ನರ್ಸಿಂಗ್ ಹೋಂ ಎಂದರೆ ಹೆರಿಗೆ ಆಸ್ಪತ್ರೆ ಎಂದುಕೊಳ್ಳುತ್ತಾರೆ, ಇದು ಅದಲ್ಲ. ಹಾಸಿಗೆ ಹಿಡಿದವರು, ಲಕ್ವ ಹೊಡೆದವರು, ಮನೆಯವರನ್ನೇ ಗುರುತು ಹಿಡಿಯಲಾರದವರು ಇಲ್ಲಿರುತ್ತಾರೆ. ನಮ್ಮದು ಮೂಲತಃ ಚನ್ನರಾಯಪಟ್ಟಣ, ಕೊಬ್ಬರಿ ವ್ಯಾಪಾರದ ಮನೆತನ. ಈ ಮನೆಯನ್ನು ಕಟ್ಟಿ ಹದಿನಾರು ವರ್ಷ ನಡೆಸಿದವರು ಒಬ್ಬ ಡಾಕ್ಟರು. ಅವರಿಗೆ ಕೈಲಾಗದೆ ಮಾರಿದಾಗ ನಾನೂ ನನ್ನ ಬಾಮೈದ ಮಂಜುನಾಥನೂ ಸೇರಿ ಕೊಂಡೆವು.

ಡಾಕ್ಟರ ಕಾಲದಲ್ಲಿ ಇಪ್ಪತ್ತೆಂಟು ಹಾಸಿಗೆಗೆ ಐದು ಜನ ನರ್ಸುಗಳಿದ್ದರು. ನಾವು ಕೊಂಡ ಮೇಲೆ ಒಬ್ಬಳು ಮದುವೆಯಾಗಿ ಹೋದಳು, ಒಬ್ಬಳು ಸರ್ಕಾರಿ ಕೆಲಸ ಸಿಕ್ಕಿ ಹೋದಳು, ಇನ್ನಿಬ್ಬರು ಬೇಸತ್ತು ಬಿಟ್ಟರು. ಹೋದವರ ಜಾಗಕ್ಕೆ ಯಾರನ್ನೂ ತರಲಿಲ್ಲ. ಅದರ ಬದಲು ಆಯಾಗಳಿಗೆ ನರ್ಸುಗಳ ಹಾಗೆ ಬಿಳಿ ಯೂನಿಫಾರಂ ಹೊಲಿಸಿದೆವು. ನೋಡಲು ಬಂದ ಮನೆಯವರಿಗೆ ಎಲ್ಲಿ ತಿರುಗಿದರೂ ಬಿಳಿ ಬಟ್ಟೆ ಕಾಣಬೇಕು ಎಂಬುದು ಮಂಜುನಾಥನ ಯೋಚನೆ. ಭಲೇ ಎಂದು ದರ್ಜಿಯನ್ನು ಕರೆಸಿದವನು ನಾನು. ಕೊನೆಗೆ ಉಳಿದ ಒಬ್ಬಳೇ ನರ್ಸು ಸುಜಾತ.

ಮೂರು ವರ್ಷದ ಹಿಂದೆ ಆ ಸುಜಾತಳನ್ನೂ ನಾನು ಕೆಲಸದಿಂದ ತೆಗೆದೆ. ಮಾಡದ ತಪ್ಪನ್ನು ಅವಳ ತಲೆಗೆ ಕಟ್ಟಿ ತೆಗೆದೆ. ಅದನ್ನು ಮುಂದೆ ಹೇಳುತ್ತೇನೆ.

ಈ ಸಲ ಆರೈಕೆ ಮನೆಗಳ ಮಾಲೀಕರ ಒಂದು ತಂಡ ಐರ್ಲೆಂಡಿಗೆ ಅಧ್ಯಯನ ಪ್ರವಾಸ ಹೊರಟಿತು. ಹೊಳೆನರಸೀಪುರದಲ್ಲಿ ಎರಡನೆಯ ಮನೆ ತೆಗೆಯುವ ಆಲೋಚನೆ ನಮಗಿತ್ತು. 'ಭಾವ, ನೀವು ಓಗಿ ನೋಡ್ಕಂಡ್ ಬನ್ನಿ, ಫಾರಿನ್ ಮಾಡಲ್ ಅಂತ ಬೋರ್ಡ್ ಆಕ್ಬೌದು' ಎಂದು ಮಂಜುನಾಥನೇ ಒತ್ತಾಯ ಮಾಡಿದ.

ಹೊರಡುವ ಮೂರು ದಿನ ಮುಂಚೆ ಕೊಣನೂರಿನ ಕಡೆಯಿಂದ ಒಬ್ಬ ಹೆಂಗಸು ಬಂದು ಆಫೀಸಿನ ಬಾಗಿಲಲ್ಲಿ ನಿಂತಳು. ಅರಕಲಗೂಡಿನಲ್ಲಿ ಬಸ್ಸು ಬದಲಿಸಿ ಬಂದಿದ್ದಳಂತೆ. ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿ ಹೊಲಿದ ಗಂಟು.

'ನಾನು ಸುಜಾತನ್ ತಾಯಿ ಸಾ, ಪುಟ್ಟಮ್ಮ. ನೀವು ಐರ್‌ಲ್ಯಾಂಡ್‌ಗೆ ಓಯ್ತೀರಂತೆ ಅಂತ ನಿಮ್ಮ ಆಯಾ ಭಾಗ್ಯ ಏಳಿದ್ಲು. ನನ್ ಮಗ್ಳೂ ಅಲ್ಲೇ ಅವ್ಳೆ. ಇದೊಂದ್ ತಲ್ಪಿಸ್ಬುಡಿ.'

ಕೂರಲು ಹೇಳಿದೆ. ಕೂರಲಿಲ್ಲ.

'ನನ್ ಮಗೀಗೆ ಕೆಲ್ಸ ಕಲ್ಸಿದ್ದೇ ನೀವು ಸಾ. ಅವ್ಳಿಗೆ ಮ್ಯಾಲಕ್ಕೆ ಬರಕ್ಕೆ ದಾರಿ ಮಾಡ್ಕೊಟ್ರಿ. ನಿಮ್ ಮನೆ ತಣ್ಣಗಿರ್ಲಿ.'

ಅವಳ ಮುಖ ನೋಡಿದೆ. ಅಣಕವಲ್ಲ. ಮಗಳನ್ನು ನಾನು ಹೊರಗೆ ಹಾಕಿದ್ದು ಆ ತಾಯಿಗೆ ಗೊತ್ತೇ ಇರಲಿಲ್ಲ. ನಾನೂ ಹೇಳಲಿಲ್ಲ. 'ಆಯ್ತಮ್ಮ, ಕೊಡ್ತೀನಿ' ಎಂದು ಗಂಟನ್ನು ಇಸಿದುಕೊಂಡೆ.

ಡಬ್ಲಿನ್

ವಿಮಾನ ನಿಲ್ದಾಣದಲ್ಲಿ ನನ್ನ ಪೆಟ್ಟಿಗೆಯನ್ನೇ ತೆಗೆಸಿದರು. ಅಧಿಕಾರಿಯೊಬ್ಬ ಪುಟ್ಟಮ್ಮನ ಗಂಟನ್ನು ಮೇಜಿನ ಮೇಲಿಟ್ಟು ಒಳಗೇನಿದೆ ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಹೊಲಿಗೆ ಬಿಚ್ಚಿದರೆ ಒಂದು ಡಬ್ಬದ ತುಂಬ ಕರಿ ಪುಡಿ, ಇನ್ನೊಂದರಲ್ಲಿ ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಮೆಣಸಿನಕಾಯಿ. ಕರಿ ಪುಡಿ ಹುಚ್ಚೆಳ್ಳಿನದು ಎಂದು ವಾಸನೆಯಿಂದ ನನಗೆ ತಿಳಿಯಿತು, ಅವನಿಗೆ ತಿಳಿಸುವುದು ಹೇಗೆ?

ಇದನ್ನು ಕಟ್ಟಿದವರು ಯಾರು ಎಂದ. ನನ್ನ ನರ್ಸಿನ ತಾಯಿ ಎಂದೆ. ಅವನ ಮುಖ ತಕ್ಷಣ ಮೆತ್ತಗಾಯಿತು. ನಿಮ್ಮ ನರ್ಸು ಈಗ ಎಲ್ಲಿ ಎಂದ. ಅವಳು ಐರ್ಲೆಂಡಿನಲ್ಲೇ ಇದ್ದಾಳೆ, ನಾನು ಒಬ್ಬನೇ ಬಂದೆ ಎಂದೆ. ನರ್ಸಿಲ್ಲದೆ ಬಂದ ರೋಗಿ ಎಂದುಕೊಂಡನೇನೋ, ಅವನು ಯಾರಿಗೋ ಕೈ ಮಾಡಿದ. ಎರಡು ನಿಮಿಷದಲ್ಲಿ ಒಂದು ಗಾಲಿಕುರ್ಚಿ ಬಂತು.

ಬೇಡ ಎಂದೆ. ನನ್ನ ಇಂಗ್ಲಿಷು ಚನ್ನರಾಯಪಟ್ಟಣದ್ದು, ಅವರದು ಬೇರೆಯೇ ರಾಗದ್ದು. ಸಂಕೋಚಪಡಬೇಡಿ ಎಂದು ಅವರು ಇನ್ನಷ್ಟು ಪ್ರೀತಿಯಿಂದ ಕೂರಿಸಿದರು. ಗಾಲಿಕುರ್ಚಿ ತಳ್ಳುತ್ತಿದ್ದ ಹೆಂಗಸು ಮೊದಲು ತನ್ನ ಹೆಸರು ಹೇಳಿ, ಆಮೇಲೆ ನನ್ನ ಹೆಸರು ಕೇಳಿ, ತಿರುವು ಬಂದಾಗಲೆಲ್ಲ 'ಈಗ ಎಡಕ್ಕೆ, ಪರಮೇಶ್' ಎಂದು ಮುಂಚೆಯೇ ಹೇಳುತ್ತಿದ್ದಳು. ನಮ್ಮ ಮನೆಯಲ್ಲಿ ಹಾಗೆ ಯಾರಿಗೂ ಹೇಳಿ ತಳ್ಳಿದ್ದು ನನಗೆ ನೆನಪಾಗಲಿಲ್ಲ. ಹಿಂದಿನಿಂದ ತಳ್ಳುತ್ತೇವೆ, ಕೂತವರು ಬೆಚ್ಚಿ ಕೈ ಹಿಡಿದುಕೊಳ್ಳುತ್ತಾರೆ.

ಹೊರಗೆ ಕಾಯುತ್ತಿದ್ದ ತಂಡ ನನ್ನನ್ನು ಕಂಡು ಗಾಬರಿಯಾಯಿತು. ಗಾಬರಿಯಾಗದೆ ನಕ್ಕವರು ಮೈಸೂರಿನ ಸರೋಜಮ್ಮ ಒಬ್ಬರೇ. ಸರ್ಕಾರಿ ಆಸ್ಪತ್ರೆಯಲ್ಲಿ ಮೇಟ್ರನ್ ಆಗಿ ನಿವೃತ್ತರಾಗಿ, ಈಗ ಹನ್ನೆರಡು ಜನ ವೃದ್ಧರ ಒಂದು ಪುಟ್ಟ ಮನೆ ನಡೆಸುವವರು.

'ಏನ್ ಪರಮೇಶ್, ಬಂದ ದಿನಾನೇ ಅಡ್ಮಿಟ್ ಆಗ್ಬಿಟ್ರಾ?'

ಎಲ್ಲರೂ ನಕ್ಕರು. ಗಂಟು ಯಾರದ್ದು ಎಂದು ಸರೋಜಮ್ಮ ಕೇಳಿದರು. ನಮ್ಮಲ್ಲಿ ಮೊದಲು ಇದ್ದ ನರ್ಸಿನದು ಎಂದಷ್ಟೇ ಹೇಳಿದೆ.

ಸಮುದ್ರದ ಪಕ್ಕದ ಮನೆ

ಮೊದಲು ನಮ್ಮನ್ನು ಕರೆದುಕೊಂಡು ಹೋದದ್ದು ಕಡಲ ತೀರದ ದೊಡ್ಡ ಆರೈಕೆ ಮನೆಗೆ. ಒಳಗೆ ಕಾಲಿಟ್ಟರೆ ದೊಡ್ಡ ಹೋಟೆಲಿನ ಹಾಗಿದೆ. ಪಿಯಾನೊ, ಗೋಡೆಯುದ್ದಕ್ಕೂ ಮೀನಿನ ತೊಟ್ಟಿ, ಹೆಜ್ಜೆ ಸದ್ದಾಗದ ಜಮಖಾನ. ಫೋಟೊ ತೆಗೆದು ಮಂಜುನಾಥನಿಗೆ ಕಳಿಸಿದೆ. ಉತ್ತರ ಆ ಕ್ಷಣವೇ ಬಂತು: 'ಭಾವ, ಮೀನಿನ್ ತೊಟ್ಟಿದು ಇನ್ನೊಂದ್ ಆಂಗಲ್ ತಗೀರಿ. ನರಸೀಪುರ್ಕೆ ಇದೇ ಬೇಕು.'

ಇದರ ಮಾಲೀಕರು ಯಾರು ಎಂದು ಯಾರೋ ಕೇಳಿದರು. ವ್ಯವಸ್ಥಾಪಕಿ ಬಿಚ್ಚುಮನಸ್ಸಿನವಳು. ಈಗ ಒಂದು ಹೂಡಿಕೆ ಕಂಪನಿ, ನಾನು ಸೇರಿದ ಮೇಲೆ ಇವರು ಮೂರನೆಯವರು, ಯಾರನ್ನೂ ಕಂಡಿಲ್ಲ, ಅವರು ಬರೀ ಇಮೇಲಿನಲ್ಲಿ ಬರುತ್ತಾರೆ ಎಂದಳು. ನಾವು ಮಾಲೀಕರೆಲ್ಲ ನಕ್ಕೆವು. ನಮ್ಮಲ್ಲಿ ಮಾಲೀಕ ದಿನವೂ ಕಣ್ಣೆದುರೇ ಓಡಾಡುತ್ತಾನೆ ಎಂದು ನಾನು ಸ್ವಲ್ಪ ಜಂಬದಿಂದ ಹೇಳಿದೆ.

ನಾವು ಅಲ್ಲಿನ ಪುಟ್ಟ ಸಿನಿಮಾ ಕೋಣೆ ನೋಡುತ್ತಿದ್ದಾಗ ಎದುರಿನ ಒಂದು ಬಾಗಿಲ ಮೇಲೆ ಕೆಂಪು ದೀಪ ಹತ್ತಿತು. ಒಳಗಿನವರು ಕರೆಗಂಟೆ ಒತ್ತಿದರೆ ಹತ್ತುವ ದೀಪ. ನಾವು ಆಸನಗಳ ಮೆತ್ತೆ ಮುಟ್ಟಿ ನೋಡಿದೆವು, ಪರದೆ ನೋಡಿದೆವು. ದೀಪ ಹಾಗೇ ಇತ್ತು. ಅರ್ಧ ತೆರೆದ ಬಾಗಿಲಿನಿಂದ ಒಬ್ಬ ಮುದುಕ ನನ್ನ ಕಡೆ ಕೈ ಚಾಚಿ 'ನರ್ಸ್, ನರ್ಸ್' ಎಂದ. ನಾನು ಹಾಕಿದ್ದ ಬಿಳಿ ಅಂಗಿ ನೋಡಿ ಹಾಗೆಂದುಕೊಂಡಿರಬೇಕು. ಅವನ ನೀರಿನ ಲೋಟ ಕೈಗೆಟಕದಷ್ಟು ದೂರದಲ್ಲಿತ್ತು.

ನಾನು ಏನು ಮಾಡಿದೆ ಎಂದು ಓದುಗರು ಕೇಳಬಹುದು. ನಾನು ಮುಗುಳ್ನಕ್ಕು ಮುಂದೆ ಹೋದೆ. ಹಾಗೆ ಮುಗುಳ್ನಕ್ಕು ಮುಂದೆ ಹೋಗುವುದು ನನಗೆ ಎಷ್ಟು ಚೆನ್ನಾಗಿ ಅಭ್ಯಾಸವಾಗಿದೆ ಎಂದು ನಾಲ್ಕು ಹೆಜ್ಜೆ ನಡೆದ ಮೇಲೆ ತಿಳಿಯಿತು. ತಿರುಗಿ ನೋಡಿದರೆ ಸರೋಜಮ್ಮ ಆಗಲೇ ಒಳಗೆ ಹೋಗಿ ಅವನಿಗೆ ನೀರು ಕುಡಿಸುತ್ತಿದ್ದರು.

ಹೊರಗೆ ಬಂದು ವ್ಯಾನು ಹತ್ತುವಾಗ ಅವರು ಹೇಳಿದರು: 'ಆ ಮಹಡೀಲಿ ನಲವತ್ತು ಬಾಗಿಲು ಎಣಿಸ್ದೆ. ನರ್ಸ್ ಒಬ್ಳೇ. ಪಾಪ, ಆ ಹುಡುಗಿ ಓಡಾಡಿ ಓಡಾಡಿ ಬೆವರ್ತಾ ಇದ್ಲು, ಈ ಚಳೀಲಿ.'

'ಖಾಸಗಿ ಅಂದ ಮೇಲೆ ಅಷ್ಟೇ ಅಲ್ವಾ?' ಎಂದೆ, ನಾನೇನೋ ಖಾಸಗಿಯವನಲ್ಲವೆಂಬಂತೆ.

'ನಂದೂ ಖಾಸಗೀನೇ ಕಣ್ರೀ. ಖಾಸಗಿಯವರಲ್ಲಿ ಒಳ್ಳೇವ್ರನ್ನೂ ನೋಡಿದೀನಿ, ಸರ್ಕಾರದ್ದರಲ್ಲಿ ನಾಯಿ ಕೂಡ ಮೂಸಿ ನೋಡ್ದೇ ಇರೋದನ್ನೂ ನೋಡಿದೀನಿ. ನಾನು ಕೇಳೋದು ಒಂದೇ. ಒಬ್ಬ ನರ್ಸ್ ಕಮ್ಮಿ ಆದ್ರೆ, ಸಂಬಳ ಉಳೀತು ಅಂತ ಈ ಮನೇಲಿ ಯಾರಿಗೆ ಸಂತೋಷ ಆಗುತ್ತೆ? ಯಾರಿಗೂ ಆಗಲ್ಲ ಅಂದ್ರೆ ಆ ಮನೆ ಪರವಾಗಿಲ್ಲ.'

ಮಂಜುನಾಥನಿಗೆ ಮೀನಿನ ತೊಟ್ಟಿಯ ಎರಡನೆಯ ಫೋಟೊ ಕಳಿಸಲಿಲ್ಲ.

ಬಸ್ಸು

ಗಂಟು ನನ್ನ ಪೆಟ್ಟಿಗೆಯಲ್ಲೇ ಉಳಿದಿತ್ತು. ಪುಟ್ಟಮ್ಮ ಕೊಟ್ಟ ನಂಬರಿಗೆ ನಾನು ಫೋನು ಮಾಡಿರಲಿಲ್ಲ. ಅಂಚೆಯಲ್ಲಿ ಕಳಿಸಿಬಿಡೋಣ ಎಂದಿದ್ದೆ. ನಾಲ್ಕನೆಯ ದಿನ ಸರೋಜಮ್ಮ ನನ್ನ ಕೈಯಿಂದ ನಂಬರು ಇಸಿದುಕೊಂಡು ತಾವೇ ಮಾತಾಡಿದರು. 'ಬನ್ನಿ ಅಂದ್ಲು. ಡ್ಯೂಟಿ ಇದೆಯಂತೆ, ಅವಳು ಕೆಲಸ ಮಾಡೋ ಆರೈಕೆ ಮನೆಗೇ ಬನ್ನಿ ಅಂದ್ಲು. ನಾನೂ ಬರ್ತೀನಿ ನಡೀರಿ.'

ಡಬ್ಲಿನ್ನಿನಿಂದ ಎರಡೂವರೆ ಗಂಟೆ ಬಸ್ಸು. ಹಸಿರು, ದನ, ಮತ್ತೆ ಹಸಿರು, ಮತ್ತೆ ದನ. ಆಲೂಗಡ್ಡೆ ಹೊಲಗಳ ಮೇಲೆ ಮೋಡ ಕವಿದಿತ್ತು. ಒಂದು ಕಾಲದಲ್ಲಿ ಇಲ್ಲಿ ಆಲೂಗಡ್ಡೆಗೆ ಅಂಗಮಾರಿ ರೋಗ ಬಿದ್ದು ಊರೂರೇ ಹಸಿವಿನಿಂದ ಸತ್ತವಂತೆ. ನಮ್ಮಲ್ಲೂ ಮೋಡ ಕವಿದು ಜಡಿಮಳೆ ಹಿಡಿದರೆ ಹಾಸನದ ರೈತರು ಹೀಗೇ ಹೊಲದ ಕಡೆ ನೋಡುತ್ತಾ ನಿಲ್ಲುತ್ತಾರೆ. ಪಕ್ಕದಲ್ಲಿ ಕೂತ ರೈತನಿಗೆ ನಮ್ಮ ಊರಿನಲ್ಲೂ ಇದೇ ಬೆಳೆ ಎಂದೆ. ಅವನು ಬಹಳ ಸಂತೋಷಪಟ್ಟು, ನನಗೆ ಅರ್ಧವೂ ಅರ್ಥವಾಗದ ಇಂಗ್ಲಿಷಿನಲ್ಲಿ ಇಳಿಯುವ ತನಕ ಗೊಬ್ಬರದ ವಿಷಯ ಹೇಳಿದ.

ಆ ದೇಶದಲ್ಲಿ ಒಂದು ಅಭ್ಯಾಸ ಕಂಡೆ. ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ, ಶಾಲೆ ಮಕ್ಕಳು ಸಹ, ಡ್ರೈವರನಿಗೆ ಥ್ಯಾಂಕ್ಸ್ ಹೇಳುತ್ತಾರೆ. ಅವನೂ ಪ್ರತಿಯೊಬ್ಬರಿಗೂ ತಲೆಯಾಡಿಸುತ್ತಾನೆ. ನಾನು ಇಳಿಯುವಾಗ ಹೇಳಲು ಬಾಯಿ ತೆರೆದೆ, ಆದರೆ ಎಡವಿ ಅವನ ಮಡಿಲಿಗೇ ಬಿದ್ದೆ. ಅದಕ್ಕೂ ಅವನೇ ಕ್ಷಮೆ ಕೇಳಿದ.

ಸುಜಾತಳ ಊರು

ಆ ಆರೈಕೆ ಮನೆ ನೋಡಲು ಏನೂ ಇಲ್ಲ. ಹಳೇ ಶಾಲೆಯ ಹಾಗಿದೆ. ಗೋಡೆಯ ಬಣ್ಣ ಎದ್ದಿದೆ, ಲಿಫ್ಟ್ ಕೆಟ್ಟಿದೆ ಎಂದು ಚೀಟಿ ಅಂಟಿಸಿದ್ದಾರೆ, ಕಾಲಡಿಯ ಹಾಸು ಸವೆದು ಬಿಳಿಚಿಕೊಂಡಿದೆ. ಬಾಗಿಲ ಪಕ್ಕದ ಹಲಗೆಯ ಮೇಲೆ ಆ ದಿನ ಕೆಲಸದಲ್ಲಿರುವವರ ಹೆಸರುಗಳಿದ್ದವು. ಕಡು ನೀಲಿ ಬಟ್ಟೆಯವರು ನರ್ಸುಗಳು, ಹಸಿರು ಬಟ್ಟೆಯವರು ಸಹಾಯಕರು ಎಂದು ಚಿತ್ರ ಸಮೇತ ಬರೆದಿದ್ದರು, ಯಾರೂ ಮೋಸ ಹೋಗಬಾರದೆಂದು. ನಮ್ಮ ದರ್ಜಿ ನೆನಪಾದ. ಸರೋಜಮ್ಮ ಅದನ್ನು ಓದಿ ನನ್ನ ಕಡೆ ನೋಡಿದರು. ನಮ್ಮ ಬಿಳಿ ಯೂನಿಫಾರಂ ವಿಷಯ ಅವರಿಗೆ ಗೊತ್ತಿರಲಿಲ್ಲ, ಆದರೂ ನಾನು ಕಣ್ಣು ತಪ್ಪಿಸಿದೆ.

ಕಡು ನೀಲಿ ಬಟ್ಟೆಯಲ್ಲಿ ಸುಜಾತ ಬಂದಳು. ಸ್ವಲ್ಪ ದಪ್ಪಗಾಗಿದ್ದಳು.

'ಬನ್ನಿ ಸಾ. ಬನ್ನಿ ಅಮ್ಮ. ಚಳಿ ಆಯ್ತಾ? ಕೂತ್ಕಳಿ.'

ಗಂಟು ಕೊಟ್ಟೆ. ಅಧಿಕಾರಿ ಬಿಚ್ಚಿದ ಹೊಲಿಗೆಯನ್ನು ನಾನು ಹೋಟೆಲಿನ ಸೂಜಿದಾರದಲ್ಲಿ ವಕ್ರವಾಗಿ ಹೊಲಿದಿದ್ದೆ. ಅವಳು ಅದನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದಳು. ಕಿಟಕಿಯ ಬಳಿ ಕೂತಿದ್ದ ಬ್ರಿಜಿಡ್ ಎಂಬ ಅಜ್ಜಿ, ಇವರು ನಿಮ್ಮ ತಂದೆಯಾ ಎಂದು ಸುಜಾತಳನ್ನು ಕೇಳಿದಳು.

ಅಲ್ಲ, ನನ್ನ ಹಿಂದಿನ ಮಾಲೀಕರು, ಕೆಲಸ ಕಲಿತದ್ದು ಇವರ ಮನೆಯಲ್ಲೇ ಎಂದಳು ಸುಜಾತ. ಅಜ್ಜಿ ನನ್ನ ಕೈ ಹಿಡಿದುಕೊಂಡು, ಇಂಥವಳನ್ನು ನಮಗೆ ಕಳಿಸಿದ್ದಕ್ಕೆ ನಿಮಗೆ ಎಷ್ಟು ಉಪಕಾರ ಹೇಳಬೇಕೋ ಎಂದಳು. ಆ ಕೈಯನ್ನು ಬಿಡಿಸಿಕೊಳ್ಳಲು ನನಗೆ ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ಇನ್ನೊಬ್ಬ ನರ್ಸು ಬಂದು ಸುಜಾತಳನ್ನು ಕರೆದಳು. 'ಒಬ್ರನ್ನ ಮಗ್ಗುಲು ಬದಲ್ಸೋ ಹೊತ್ತು ಸಾ, ಬಂದ್ಬುಟ್ಟೆ' ಎಂದಳು ಸುಜಾತ. ಇಬ್ಬರೂ ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಎರಡು ದನಿ ಒಟ್ಟಿಗೆ ಒಂದು, ಎರಡು, ಮೂರು ಎಂದು ಎಣಿಸಿದವು. ಆಮೇಲೆ ಒಬ್ಬ ಮುದುಕ ಹಾಯಾಗಿ ಉಸಿರು ಬಿಟ್ಟದ್ದು ಕೇಳಿಸಿತು.

ಆ ಬಾಗಿಲ ಹೊರಗೆ ಕೂತು ನನಗೆ ತಿಮ್ಮಪ್ಪ ಮೇಷ್ಟ್ರು ನೆನಪಾದರು. ಇಲ್ಲಿ ಅದನ್ನು ಹೇಳಿಬಿಡಬೇಕು.

ತಿಮ್ಮಪ್ಪ ಮೇಷ್ಟ್ರು ಚನ್ನರಾಯಪಟ್ಟಣದ ಶಾಲೆಯಲ್ಲಿ ನನಗೆ ಗಣಿತ ಹೇಳಿಕೊಟ್ಟವರು. ಲಕ್ವ ಹೊಡೆದು ಒಂದು ಪಕ್ಕ ಪೂರ್ತಿ ಸ್ವಾಧೀನ ತಪ್ಪಿದಾಗ ಹಳೇಕೋಟೆಯಲ್ಲಿರುವ ಅವರ ಮಗಳು ಜಯಮ್ಮ ನಮ್ಮ ಮನೆಗೆ ತಂದು ಸೇರಿಸಿದಳು. ಅವಳು ಅಂಗನವಾಡಿಯಲ್ಲಿ ಕೆಲಸ ಮಾಡುವವಳು, ಅಷ್ಟು ಭಾರದ ದೇಹವನ್ನು ಒಬ್ಬಳೇ ಎತ್ತಲಾರಳು. 'ಅಪ್ಪನ ಶಿಷ್ಯಂದೇ ಮನೆ ಅಲ್ವಾ' ಎಂದು ನಂಬಿದಳು. ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿನ ಕೆಳಗೆ ಹಾಸಿಗೆ ಹುಣ್ಣಾಗುತ್ತದೆ. ಮೇಷ್ಟ್ರನ್ನು ಹೊರಳಿಸಲು ಇಬ್ಬರು, ಅದರಲ್ಲೂ ಕೆಲಸ ತಿಳಿದವರು ಬೇಕಿತ್ತು. ಇದ್ದದ್ದು ಸುಜಾತ ಒಬ್ಬಳು, ಇಪ್ಪತ್ತೆಂಟು ಜನಕ್ಕೆ. 'ಮೇಷ್ಟ್ರನ್ನ ತಿರುಗಿಸಲು ಇನ್ನೊಬ್ಬರು ಬೇಕು, ಚರ್ಮ ಕೆಂಪಾಗಿದೆ' ಎಂದು ನರ್ಸುಗಳ ಪುಸ್ತಕದಲ್ಲಿ ಅವಳು ಬರೆದಳು. ಮೂರು ವಾರ ಪ್ರತಿದಿನ ಬರೆದಳು. ನನ್ನ ಹತ್ತಿರ ಬಂದು ಬಾಯಲ್ಲೂ ಹೇಳಿದಳು. ನೋಡೋಣ ಎಂದೆ.

ಹುಣ್ಣು ಮೂಳೆ ಕಾಣುವಷ್ಟಾದ ದಿನ ಜಯಮ್ಮ ಬಂದಳು. ಅವಳ ಕೂಗು ಕೇಳಿ ಇಡೀ ಮನೆ ನಿಂತುಹೋಯಿತು. ನಾನು ಆಫೀಸಿಗೆ ಹೋಗಿ ಆ ಪುಸ್ತಕದ ಹಾಳೆಗಳನ್ನು ಹರಿದು ಜೇಬಿಗೆ ಹಾಕಿಕೊಂಡು ಹೊರಗೆ ಬಂದೆ. 'ನರ್ಸ್ ನಿರ್ಲಕ್ಷ್ಯ ಮಾಡಿದಾಳೆ ಕಣಮ್ಮ. ಇವತ್ತೇ ತೆಗೀತೀನಿ' ಎಂದೆ. ಸುಜಾತ ಅಲ್ಲೇ ಹುಣ್ಣಿಗೆ ಕಟ್ಟುವ ಬಟ್ಟೆ ಹಿಡಿದು ನಿಂತಿದ್ದಳು. ಮೇಷ್ಟ್ರಿಗೆ ಕಟ್ಟು ಕಟ್ಟಿ ಮುಗಿಸಿ, ಆಮೇಲೆ ಹೊರಟಳು. ಮೇಷ್ಟ್ರು ಎರಡು ತಿಂಗಳಿಗೆ ಆಸ್ಪತ್ರೆಯಲ್ಲಿ ತೀರಿಕೊಂಡರು.

ಸುಜಾತ ಕೋಣೆಯಿಂದ ಬಂದು ನಮ್ಮನ್ನು ಊಟದ ಮನೆಗೆ ಕರೆದುಕೊಂಡು ಹೋಗಿ ಟೀ ತಂದಳು. ಸರೋಜಮ್ಮ ಈ ಮನೆ ಯಾರದು ಎಂದು ಕೇಳಿದರು.

'ಊರೋರದ್ದೇ ಅಮ್ಮ. ಟ್ರಸ್ಟ್ ಮಾಡ್ಕಂಡವ್ರೆ. ಮೀಟಿಂಗ್‌ಗೆ ಮಾಂಸದಂಗ್ಡಿಯೋನೂ ಬತ್ತಾನೆ, ರಿಟೈರ್ಡ್ ಟೀಚ್ರೂ ಬತ್ತಾರೆ. ಅವ್ರ ಅಪ್ಪ ಅಮ್ಮಂದೀರೇ ಇಲ್ಲಿ ಮಲ್ಗಿರೋದು. ಓದ್ ವರ್ಷ ನರ್ಸ್ ಸಿಗ್ನಿಲ್ಲ. ಸಿಗೋಗಂಟ ಆರ್ ಆಸ್ಗೆ ಖಾಲಿ ಬುಟ್ಬುಟ್ರು.'

'ಖಾಲಿ ಬಿಟ್ರಾ?' ಎಂದೆ. ನನ್ನ ದನಿಯಲ್ಲಿದ್ದ ಆಶ್ಚರ್ಯ ನನಗೇ ಅಸಹ್ಯವಾಯಿತು.

'ಬುಟ್ರು ಸಾ.'

'ಸುಜಾತ, ನಾನು ಅವತ್ತು ಮಾಡಿದ್ದು...' ಎಂದು ಶುರುಮಾಡಿದೆ.

'ಟೀ ಆರೋಯ್ತದೆ ಸಾ.'

'ಇಲ್ಲ, ಕೇಳು. ನಾನು ಕ್ಷಮೆ ಕೇಳ್ಬೇಕು.'

ಅವಳು ಲೋಟ ಕೆಳಗಿಟ್ಟಳು. 'ನಂತಾವ ಕೇಳ್ಬುಟ್ಟು ಓದ್ರೆ ನಿಮ್ಗೆ ಅಗುರಾಯ್ತದೆ. ನಂಗೇನಾಯ್ತದೆ ಸಾ? ಮೇಷ್ಟ್ರು ತಿಥಿಗೆ ಓಗಿದ್ದೆ ನಾನು. ಜಯಮ್ಮಕ್ಕ ಬಾಗ್ಲಲ್ಲೇ ನಿಲ್ಲುಸ್ಬುಟ್ರು. ನಮ್ಮಪ್ಪನ್ನ ಕೊಂದೋಳು ನೀನು, ಒಳಿಕ್ ಬರ್ಬ್ಯಾಡ ಅಂದ್ರು. ಅಲ್ಲಿದ್ದೋರೆಲ್ಲ ಕೇಳುಸ್ಕಂಡ್ರು. ಇಲ್ಲಿ ದಿನಾ ಯಾರುನ್ನಾರ ತಿರುಗ್ಸುವಾಗ ಅದೇ ಮಾತು ಕಿವೀಲಿ ಇರ್ತದೆ. ನೀವು ಏಳೋದಾದ್ರೆ ಜಯಮ್ಮಕ್ಕನ್ ಮನೇಲಿ ಏಳಿ.'

'ನಿಮ್ಮ ತಾಯಿಗೆ ಯಾಕೆ ಹೇಳ್ಲಿಲ್ಲ?' ಎಂದೆ.

'ಏಳಿದ್ರೆ ಅವ್ವ ನಿಮ್ ಬಾಗ್ಲಿಗೆ ಬಂದು ಕೂಗಾಡೋಳು. ಊರೋರು ಏನಂದಾರು? ಇವ್ಳೂ ಏನೋ ಮಾಡಿರ್ಬೇಕು ಅನ್ನೋರು. ಈ ಕೆಲ್ಸಕ್ಕೆ ನಿಮ್ತಾವ ಒಂದ್ ಎಕ್ಸ್‌ಪೀರಿಯನ್ಸ್ ಲೆಟರ್ ಕೇಳಿ ಮೂರ್ ಸಲ ಬರ್ದೆ, ನೀವು ಉತ್ರ ಕೊಡ್ನಿಲ್ಲ. ಅಳೇ ಡಾಕ್ಟ್ರೇ ಬರ್ಕೊಟ್ರು.'

ಆ ಮೂರು ಪತ್ರಗಳನ್ನೂ ನಾನು ಓದಿದ್ದೆ.

ಹೊರಡುವಾಗ ಬಾಗಿಲವರೆಗೆ ಬಂದು, ಕೋಪವಿಲ್ಲದೆ, ತಿಳಿದುಕೊಳ್ಳುವುದಕ್ಕಷ್ಟೇ ಎಂಬಂತೆ ಕೇಳಿದಳು: 'ಈಗ ನಮ್ ಮನೇಲಿ ನರ್ಸ್‌ಗಳು ಎಷ್ಟ್ ಜನ ಅವ್ರೆ ಸಾ?'

ಮೂರು ವರ್ಷದ ಮೇಲೂ ಅವಳು ಅದನ್ನು ನಮ್ಮ ಮನೆ ಎಂದಳು.

'ನಾಲ್ಕು ಜನ' ಎಂದೆ.

'ಒಳ್ಳೇದಾಯ್ತು ಸಾ' ಎಂದಳು. ಮುಖ ನಿಜವಾಗಿಯೂ ಅರಳಿತು.

ವಾಪಸು

ಬಸ್ಸು ಅರ್ಧ ದಾರಿ ಬಂದಾಗ ಸರೋಜಮ್ಮ ನನ್ನ ಕಡೆ ತಿರುಗಿದರು. ಕಿಟಕಿಯ ಗಾಜಿನ ಮೇಲೆ ಮಳೆ ಹನಿ ಅಡ್ಡಡ್ಡ ಹರಿಯುತ್ತಿತ್ತು.

'ನಿಜವಾಗಿ ಎಷ್ಟು ಜನ ಪರಮೇಶ್?'

'ಒಬ್ರು' ಎಂದೆ. 'ಅವರೂ ಬೆಳಿಗ್ಗೆ ಮಾತ್ರ.'

ಬೈಯುತ್ತಾರೆಂದುಕೊಂಡೆ. ಅವರು ಎದ್ದು, ಎರಡು ಸಾಲು ಹಿಂದೆ ಖಾಲಿ ಇದ್ದ ಸೀಟಿಗೆ ಹೋಗಿ ಕೂತರು. ಉಳಿದ ಎರಡು ದಿನ ನನ್ನ ಜೊತೆ ಊಟಕ್ಕೂ ಕೂರಲಿಲ್ಲ. ಡಬ್ಲಿನ್ನಿನಲ್ಲಿ ಉಳಿದವರು ಸೇತುವೆ, ಚರ್ಚು, ಗ್ರಂಥಾಲಯ ನೋಡಿದರು. ನಾನೂ ನೋಡಿದೆ. ಏನು ನೋಡಿದೆ ಎಂದು ಕೇಳಿದರೆ ಹೇಳಲಾರೆ.

ಮತ್ತೆ ಹಾಸನ

ಬಂದವನೇ ಮಂಜುನಾಥನಿಗೆ ಹೊಳೆನರಸೀಪುರ ಸದ್ಯ ಬೇಡ, ಮೊದಲು ಇಲ್ಲಿಗೆ ಮೂರು ಜನ ನರ್ಸುಗಳು ಬರಬೇಕು, ಬರುವ ತನಕ ಹೊಸಬರನ್ನು ಸೇರಿಸಿಕೊಳ್ಳಬಾರದು ಎಂದೆ.

'ಭಾವ, ಐರ್ಲೆಂಡ್ ಬ್ಯಾರೆ, ಆಸ್ನ ಬ್ಯಾರೆ. ಯಾರೋ ತಲೆ ಕೆಡ್ಸಿ ಕಳ್ಸವ್ರೆ ನಿಮ್ಗೆ.'

'ತಲೆ ಮೊದ್ಲೇ ಕೆಟ್ಟಿತ್ತು ಕಣಪ್ಪ.'

ಮಾತು ಬೆಳೆಯಿತು. ಅವನು ಬರುವುದನ್ನೇ ಬಿಟ್ಟ. ತಮ್ಮನನ್ನು ದೂರ ಮಾಡಿದಿರಿ ಎಂದು ನನ್ನ ಹೆಂಡತಿಯೂ ಹದಿನೈದು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಆಯಾಗಳ ಬಿಳಿ ಯೂನಿಫಾರಂ ತೆಗೆಸಿದೆ. ಬೇಜಾರಾದೀತೇನೋ ಎಂದುಕೊಂಡಿದ್ದರೆ ಭಾಗ್ಯ ಎದೆಯ ಮೇಲೆ ಕೈ ಇಟ್ಟುಕೊಂಡಳು. 'ಬದುಕ್ದೆ ಸಾ. ಅದ್ನ ಆಕ್ಕಂಡಾಗ್ಲೆಲ್ಲ ಎದ್ರಿಕೆ ಆಗೋದು, ಯಾರಾರ ಇಂಜೆಕ್ಷನ್ ಕೊಡು ಅಂದ್ಬುಟ್ರೆ ಅಂತ.'

ವೃದ್ಧರ ಮನೆಯವರನ್ನೆಲ್ಲ ಕರೆಸಿ ನರ್ಸು ಒಬ್ಬರೇ ಇದ್ದಾರೆ ಎಂದು ಹೇಳಿದಾಗ ಮೂರು ಕುಟುಂಬಗಳು ತಮ್ಮವರನ್ನು ಕರೆದುಕೊಂಡು ಹೋದವು. ಒಬ್ಬರು ಮುಖಕ್ಕೇ ಉಗಿದ ಹಾಗೆ ಮಾತಾಡಿದರು. ಇಬ್ಬರು ನರ್ಸುಗಳು ಸಿಕ್ಕಿದರು. ಮೂರನೆಯವರು ಇನ್ನೂ ಸಿಕ್ಕಿಲ್ಲ. ಬಿಟ್ಟುಹೋದ ಆ ಮೂವರ ಹಾಸಿಗೆಗಳು ಖಾಲಿ ಇವೆ.

ಇದನ್ನೆಲ್ಲ ಬೇಗ ಬೇಗ ಮಾಡಿದೆ. ಮಾಡಿ ಮುಗಿಸಿ ಒಳ್ಳೆಯವನಾದೆ ಎಂದುಕೊಳ್ಳುವಷ್ಟರಲ್ಲಿ ಐದು ವಾರ ಕಳೆದಿದ್ದವು. ಹಳೇಕೋಟೆಗೆ ಮಾತ್ರ ಹೋಗಿರಲಿಲ್ಲ. ಐದು ಸಾವಿರ ಮೈಲಿ ಹಾರಿ ಬಂದವನಿಗೆ ಒಂದೂವರೆ ಗಂಟೆ ದಾರಿ ದೂರವಾಗಿತ್ತು.

ಹಳೇಕೋಟೆ

ಜಯಮ್ಮ ಅಂಗನವಾಡಿಯಿಂದ ಆಗ ತಾನೇ ಬಂದು ಜಗುಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ನನ್ನನ್ನು ಕಂಡು ಚಾಪೆ ಹಾಸಿದಳು.

'ಬನ್ನಿ ಪರಮೇಶಣ್ಣ. ಫಾರಿನ್‌ಗೆ ಓಗಿದ್ರಂತೆ?'

ಕೂರದೆ ನಿಂತೇ ಹೇಳಿದೆ. ಕೂತರೆ ಹೇಳಲಾರೆನೆಂಬ ಭಯ. ಸುಜಾತ ನಿರ್ಲಕ್ಷ್ಯ ಮಾಡಲಿಲ್ಲ, ಇನ್ನೊಬ್ಬರನ್ನು ಕೊಡಿ ಎಂದು ಅವಳು ಕೇಳಿದಳು, ನಾನು ಕೊಡಲಿಲ್ಲ. ತಪ್ಪು ನನ್ನದು, ಸುಳ್ಳು ಹೇಳಿದೆ.

ಅವಳ ಕೈ ಸೊಪ್ಪಿನ ಮೇಲೇ ನಿಂತಿತು. 'ಕೇಳಿದ್ಲು ಅಂತ ಏನ್ ಗುರುತು?'

'ಪುಸ್ತಕದಲ್ಲಿ ಬರೆದಿದ್ಲು. ಮೂರು ವಾರ.'

'ಎಲ್ಲದೆ ಆ ಪುಸ್ತಕ?'

'ಹಾಳೆಗಳನ್ನ ನಾನೇ ಹರಿದು ಹಾಕ್ದೆ. ನೀನು ಹೊರಗೆ ಅಳ್ತಾ ನಿಂತಿದ್ದಾಗ.'

ಅವಳು ಅಳಲಿಲ್ಲ. ನನ್ನನ್ನು ನೋಡಲೂ ಇಲ್ಲ. ಸೊಪ್ಪನ್ನು ಪಕ್ಕಕ್ಕೆ ಸರಿಸಿ ಕೇಳಿದಳು: 'ಅಪ್ಪಂಗೆ ನೋವಾಯ್ತಿತ್ತಾ? ನಿಮ್ತಾವ ಏನಾರ ಅಂದಿದ್ರಾ?'

ಈ ಪ್ರಶ್ನೆಗೆ ನಾನು ತಯಾರಾಗಿ ಹೋಗಿರಲಿಲ್ಲ. ಇಲ್ಲ ಎನ್ನಬಹುದಿತ್ತು. ಅವಳಿಗೆ ಹೇಳುವವರು ಬೇರೆ ಯಾರೂ ಇರಲಿಲ್ಲ, ಸುಜಾತಳಿಗೂ ಅದು ಗೊತ್ತಿಲ್ಲ.

'ಅಂದಿದ್ರು' ಎಂದೆ. 'ಒಂದಿನ ಬೆಳಿಗ್ಗೆ ಯಾರೋ ಹೊಸಬರಿಗೆ ಮನೆ ತೋರಿಸ್ತಾ ಇದ್ದೆ. ಮೇಷ್ಟ್ರು ನನ್ನ ಹೆಸರು ಹಿಡಿದು ಕರೆದ್ರು. ಪರಮೇಶ, ಒಂಚೂರು ಮಗ್ಗಲಿಗೆ ತಿರುಗ್ಸೋ, ಉರೀತದೆ ಅಂದ್ರು. ನಾನು ಆ ಹೊಸಬರಿಗೆ, ಇವರಿಗೆ ಮರೆವು, ಸುಮ್ನೆ ಕೂಗ್ತಾರೆ ಅಂತ ಹೇಳಿ ಬಾಗಿಲು ಹಾಕ್ದೆ.'

ಮೇಷ್ಟ್ರಿಗೆ ಮರೆವು ಇರಲಿಲ್ಲ. ಅದು ನನ್ನಷ್ಟೇ ಜಯಮ್ಮನಿಗೂ ಗೊತ್ತಿತ್ತು.

ಅವಳು ಸೆರಗಿನಿಂದ ಕೈ ಒರೆಸಿಕೊಂಡು 'ಅವ್ಳ ನಂಬರ್ ಕೊಡಿ' ಎಂದಳು. ಕೊಟ್ಟೆ. ಅಲ್ಲಿ ಆಗ ಬೆಳಗಿನ ಹೊತ್ತು. ಎರಡು ಸಲ ರಿಂಗಾಗಿ ಮೂರನೆಯದಕ್ಕೆ ಸುಜಾತ ಎತ್ತಿದಳು.

'ಸುಜಾತ, ನಾನು ಕಣವ್ವ. ಹಳೇಕೋಟೆ ಜಯಮ್ಮಕ್ಕ. ಮೇಷ್ಟ್ರು ಮಗ್ಳು.'

ಆಚೆ ಕಡೆಯಿಂದ ಏನು ಕೇಳಿಸಿತೋ, ಜಯಮ್ಮ ಗೋಡೆಗೆ ತಲೆ ಆನಿಸಿ 'ಬೈಯಾಕಲ್ಲ ಕಣ್ ಮಗಾ, ಬೈಯಾಕಲ್ಲ' ಎಂದಳು. ಫೋನನ್ನು ಕಿವಿಗೆ ಒತ್ತಿಕೊಂಡೇ ಒಳಗೆ ಹೋದಳು. ಅಡುಗೆಮನೆಯಿಂದ ಅಳು ಕೇಳಿಸಿತು.

ಚಾಪೆ ಹಾಸಿದ್ದ ಹಾಗೇ ಇತ್ತು. ಸ್ವಲ್ಪ ಹೊತ್ತು ನಿಂತಿದ್ದು, ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಂಡೆ. ನಮ್ಮ ಕಡೆ ಮನೆಗೆ ಬಂದವರನ್ನು ನೀರಾದರೂ ಕೊಡದೆ, ಊಟಕ್ಕೇಳಿ ಎನ್ನದೆ ಕಳಿಸುವುದಿಲ್ಲ. ಜಗಳ ಕಾಯುವವರನ್ನೂ ಕಳಿಸುವುದಿಲ್ಲ. ಬೀದಿ ತಿರುಗುವವರೆಗೆ ನಿಧಾನವಾಗಿ ನಡೆದೆ. ಯಾರೂ ಕರೆಯಲಿಲ್ಲ.